ನೊಂದವರೇ ಲೇಖನಿ ಹಿಡಿದಾಗ

1974ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಒಂದು ಇಂಗ್ಲಿಷ್ ಪುಸ್ತಕ ಹೊರಬಂತು. ಹೆಸರು ‘ಇಂಡಿಯನ್ ಸ್ಟಡೀಸ್ ಇನ್ ಅಮೆರಿಕನ್ ಫಿಕ್ಷನ್’. ಸಂಪಾದಕರು ಎಂ.ಕೆ. ನಾಯಕ, ಎಸ್.ಕೆ. ದೇಸಾಯಿ ಮತ್ತು ‘ಗಂಗವ್ವ ಗಂಗಾಮಾಯಿ’ ಕಾದಂಬರಿಯ ಶಂಕರ ಮೊಕಾಶಿ ಪುಣೇಕರ. ಧಾರವಾಡದಂಥ ಊರಿನ ಮೇಷ್ಟ್ರುಗಳಿಗೆ ಅಮೆರಿಕದ ಕಾದಂಬರಿಗಳ ಉಸಾಬರಿ ಏಕೆ ಬೇಕಿತ್ತು ಎಂದು ಯಾರಾದರೂ ಕೇಳಬಹುದು. ಪರೀಕ್ಷೆಗೆ ಪಠ್ಯ ಬೇಕಲ್ಲ ಎಂಬ ಉತ್ತರ ಇದ್ದೇ ಇದೆ. ಆದರೆ ಅಮೆರಿಕದ ಸಾಹಿತ್ಯದ ಒಂದು ದೊಡ್ಡ ಹರಿವು ನಮ್ಮ ಊರು–ಕೇರಿಗಳಿಗೆ ತೀರ ಹತ್ತಿರದ್ದು. ಮನುಷ್ಯನನ್ನು ಮನುಷ್ಯನೆಂದು ಒಪ್ಪದ ವ್ಯವಸ್ಥೆಯ ಎದುರು ನಿಂತು ಬರೆದ ಸಾಹಿತ್ಯ ಅದು. ಅದನ್ನು ಓದುತ್ತ ಹೋದರೆ ಕನ್ನಡದಲ್ಲಿ, ಅದರಲ್ಲೂ ಹುಬ್ಬಳ್ಳಿ–ಧಾರವಾಡದ ಸುತ್ತ ನಡೆದದ್ದೆಲ್ಲ ಬೇರೆ ಬೆಳಕಿನಲ್ಲಿ ಕಾಣತೊಡಗುತ್ತದೆ.

ಫ್ರೆಡ್ರಿಕ್ ಡಗ್ಲಾಸ್‌ನಿಂದಲೇ ಶುರುಮಾಡಬೇಕು. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದ ಹುಡುಗ. ಬಾಲ್ಟಿಮೋರಿನ ಮನೆಯೊಂದಕ್ಕೆ ಚಾಕರಿಗೆ ಬಂದಾಗ ಆ ಮನೆಯ ಒಡತಿ ಅವನಿಗೆ ಅಕ್ಷರ ಕಲಿಸಲು ತೊಡಗಿದಳು. ಗಂಡ ಅದನ್ನು ನಿಲ್ಲಿಸಿದ. ಓದು ಕಲಿತ ಗುಲಾಮ ಕೈಗೆ ಸಿಗುವುದಿಲ್ಲ ಎಂಬುದು ಅವನ ವಾದ. ಒಡೆಯ ಹೆದರಿದ ಆ ಮಾತನ್ನು ಹುಡುಗ ಗಟ್ಟಿಯಾಗಿ ಹಿಡಿದುಕೊಂಡ. ಮನೆಯಿಂದ ರೊಟ್ಟಿ ತಂದು ಬೀದಿಯ ಬಡ ಬಿಳಿಯ ಹುಡುಗರಿಗೆ ಕೊಟ್ಟು, ಬದಲಿಗೆ ಅವರಿಂದ ಪಾಠ ಹೇಳಿಸಿಕೊಂಡ. ಕೂಡಿಟ್ಟ ಐವತ್ತು ಸೆಂಟ್ ಕೊಟ್ಟು ಒಂದು ಭಾಷಣಗಳ ಪುಸ್ತಕ ಕೊಂಡ. 1838ರಲ್ಲಿ ತಪ್ಪಿಸಿಕೊಂಡು ಉತ್ತರದ ರಾಜ್ಯಗಳಿಗೆ ಬಂದ. 1845ರಲ್ಲಿ ಆತ್ಮಕಥೆ ಅಚ್ಚಾಯಿತು.

ಆ ಪುಸ್ತಕದ ಮುಖಪುಟದಲ್ಲಿ ಹೆಸರಿನ ಕೆಳಗೆ, ಇದನ್ನು ಆತನೇ ಬರೆದದ್ದು ಎಂಬ ಒಕ್ಕಣೆ ಇದೆ. ಒಳಗೆ ಇಬ್ಬರು ಬಿಳಿಯ ಗಣ್ಯರ ಮುನ್ನುಡಿಗಳಿವೆ. ಒಬ್ಬ ಕಪ್ಪು ಮನುಷ್ಯ ತನ್ನ ಕಥೆಯನ್ನು ತಾನೇ ಬರೆಯಬಲ್ಲ ಎಂಬುದಕ್ಕೂ ಆಗ ಸರ್ಟಿಫಿಕೇಟ್ ಬೇಕಾಗಿತ್ತು. ಪುಸ್ತಕದಲ್ಲಿ ಒಡೆಯನ ಹೆಸರು, ಊರು ಎಲ್ಲ ನಮೂದಾಗಿದ್ದರಿಂದ ಡಗ್ಲಾಸ್ ಮತ್ತೆ ಸಿಕ್ಕಿಬೀಳುವ ಅಪಾಯವಿತ್ತು. ಹಡಗು ಹತ್ತಿ ಬ್ರಿಟನ್ನಿಗೆ ಹೋಗಬೇಕಾಯಿತು. ಅಲ್ಲಿನ ಗೆಳೆಯರು ಹಣ ಕೂಡಿಸಿ ಅವನ ಬಿಡುಗಡೆಯನ್ನು ಖರೀದಿಸಿದರು. ಜಗತ್ತಿನ ಶ್ರೇಷ್ಠ ಆತ್ಮಕಥೆಗಳಲ್ಲಿ ಒಂದನ್ನು ಬರೆದ ಲೇಖಕ, ಕಾನೂನಿನ ಲೆಕ್ಕದಲ್ಲಿ ಆಗಲೂ ಇನ್ನೊಬ್ಬನ ಆಸ್ತಿಯೇ ಆಗಿದ್ದ.

ಹ್ಯಾರಿಯೆಟ್ ಜೇಕಬ್ಸ್‌ಳ ಪಾಡು ಇನ್ನೂ ವಿಚಿತ್ರ. ಒಡೆಯನ ಲೈಂಗಿಕ ಕಿರುಕುಳದಿಂದ ತಪ್ಪಿಸಿಕೊಳ್ಳಲು ಅವಳು ಅಜ್ಜಿಯ ಮನೆಯ ಸೂರಿನಡಿಯ ಅಟ್ಟದಲ್ಲಿ ಸುಮಾರು ಏಳು ವರ್ಷ ಅಡಗಿದ್ದಳು. ಎದ್ದು ನಿಲ್ಲಲು ಆಗದಷ್ಟು ತಗ್ಗಿನ ಜಾಗ. ಮರದ ಗೋಡೆಗೆ ಸಣ್ಣ ತೂತು ಕೊರೆದು, ಕೆಳಗೆ ಆಡುವ ತನ್ನ ಮಕ್ಕಳನ್ನು ನೋಡುತ್ತಿದ್ದಳು. ತಾಯಿ ತಲೆಯ ಮೇಲೆಯೇ ಇದ್ದಾಳೆಂದು ಆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. 1861ರಲ್ಲಿ ಬೇರೆ ಹೆಸರಿನಲ್ಲಿ ಅವಳು ಪ್ರಕಟಿಸಿದ ಈ ಕಥನವನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಎಷ್ಟೋ ವಿದ್ವಾಂಸರು ಬಿಳಿಯ ಸಂಪಾದಕಿ ಕಟ್ಟಿದ ಕಾದಂಬರಿ ಎಂದೇ ನಂಬಿದ್ದರು. ಕಾಗದಪತ್ರಗಳನ್ನು ಹುಡುಕಿ, ಇದು ಜೇಕಬ್ಸ್‌ಳದೇ ಬರಹ, ನಡೆದ ಸಂಗತಿ ಎಂದು ಸಾಬೀತಾದದ್ದು 1980ರ ದಶಕದಲ್ಲಿ.

ಇದೇ ಕಾಲದಲ್ಲಿ ಲೋಕವನ್ನೇ ಅಲುಗಾಡಿಸಿದ ಪುಸ್ತಕ ಮಾತ್ರ ಬಿಳಿಯ ಮಹಿಳೆಯದು. ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದ ‘ಅಂಕಲ್ ಟಾಮ್ಸ್ ಕ್ಯಾಬಿನ್’ 1852ರಲ್ಲಿ ಪುಸ್ತಕವಾಗಿ ಬಂದು, ಮೊದಲ ವರ್ಷವೇ ಅಮೆರಿಕದಲ್ಲಿ ಸುಮಾರು 3 ಲಕ್ಷ ಪ್ರತಿ ಮಾರಾಟವಾಯಿತು. ಗುಲಾಮಗಿರಿಯ ವಿರುದ್ಧ ಜನಮತ ಕಟ್ಟಿದ್ದರಲ್ಲಿ ಅದರ ಪಾಲು ದೊಡ್ಡದು, ಅಲ್ಲಗಳೆಯುವಂತಿಲ್ಲ. ಆದರೆ ನೂರು ವರ್ಷಗಳ ನಂತರ ಜೇಮ್ಸ್ ಬಾಲ್ಡ್‌ವಿನ್ ಎಂಬ ಕಪ್ಪು ಲೇಖಕ ಅದನ್ನು ನಿಷ್ಠುರವಾಗಿ ವಿಮರ್ಶಿಸಿದ. ಕಣ್ಣೀರು ಹರಿಸಿ ಓದುಗನ ಆತ್ಮಸಾಕ್ಷಿಗೆ ಸಮಾಧಾನ ಹೇಳುವ ಕಾದಂಬರಿ, ತಾನು ಕರುಣೆ ತೋರುವ ಮನುಷ್ಯನನ್ನು ಪೂರ್ತಿ ಮನುಷ್ಯನಾಗಿ ಕಾಣುವುದಿಲ್ಲ ಎಂಬುದು ಅವನ ತಕರಾರು. ಹಾರ್ಪರ್ ಲೀಯ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಬಗ್ಗೆಯೂ ಇಂಥ ಮಾತು ಇಂದು ಕೇಳಿಬರುತ್ತದೆ. ಕಟಕಟೆಯಲ್ಲಿ ನಿಂತವನು ಕಪ್ಪು ಮನುಷ್ಯ, ಓದುಗನಿಗೆ ನೆನಪಿನಲ್ಲಿ ಉಳಿಯುವುದು ಅವನ ಬಿಳಿಯ ವಕೀಲ.

ಮಾನವ ಹಕ್ಕಿನ ಪ್ರಶ್ನೆ ಎಷ್ಟು ಕ್ರೂರವಾಗಿ ಎದುರಾಗಬಲ್ಲದು ಎಂಬುದಕ್ಕೆ ಮಾರ್ಗರೆಟ್ ಗಾರ್ನರ್ ಪ್ರಕರಣಕ್ಕಿಂತ ಬೇರೆ ಉದಾಹರಣೆ ಬೇಡ. 1856ರ ಜನವರಿ. ಹೆಪ್ಪುಗಟ್ಟಿದ ಓಹಾಯೋ ನದಿಯನ್ನು ನಡೆದು ದಾಟಿ ಒಂದು ಗುಲಾಮ ಕುಟುಂಬ ಕೆಂಟಕಿಯಿಂದ ಸಿನ್ಸಿನಾಟಿಗೆ ಓಡಿಬಂತು. ಬೆನ್ನಟ್ಟಿ ಬಂದವರು ಮನೆಯನ್ನು ಸುತ್ತುವರಿದಾಗ ಮಾರ್ಗರೆಟ್ ತನ್ನ ಎರಡು ವರ್ಷದ ಮಗಳನ್ನು ಕೈಯಾರೆ ಕೊಂದಳು. ಮಗು ಮತ್ತೆ ಗುಲಾಮಗಿರಿಗೆ ಹೋಗಬಾರದೆಂದು. ಕೋರ್ಟಿನಲ್ಲಿ ಎದ್ದ ಪ್ರಶ್ನೆ ನೋಡಿ: ಇವಳನ್ನು ಕೊಲೆ ಆರೋಪದಲ್ಲಿ ವಿಚಾರಿಸಬೇಕೋ, ಓಡಿಹೋದ ಸ್ವತ್ತೆಂದು ಒಡೆಯನಿಗೆ ಒಪ್ಪಿಸಬೇಕೋ? ಕೊಲೆ ಮಾಡಿದವಳು ಎಂದು ಒಪ್ಪಿದರೆ ಅವಳು ಮನುಷ್ಯಳು ಎಂದೂ, ಸತ್ತದ್ದು ಮನುಷ್ಯಶಿಶು ಎಂದೂ ಒಪ್ಪಿದ ಹಾಗೆ. ಅವಳ ಪರ ನಿಂತವರೇ ಕೊಲೆ ಮೊಕದ್ದಮೆ ನಡೆಯಲಿ ಎಂದು ಬೇಡಿಕೊಂಡರು. ಕೋರ್ಟು ಒಡೆಯನ ಕಡೆಗೆ ವಾಲಿತು, ಅವಳನ್ನು ವಾಪಸು ಕಳಿಸಲಾಯಿತು. ಟೋನಿ ಮಾರಿಸನ್ ಒಂದು ಹಳೆಯ ಪತ್ರಿಕಾ ವರದಿಯಲ್ಲಿ ಈ ಸಂಗತಿ ಓದಿ ‘ಬಿಲವೆಡ್’ (1987) ಬರೆದರು. ಕೊಂದ ಮಗು ಆ ಮನೆಗೆ ದೆವ್ವವಾಗಿ ಮರಳಿ ಬರುವ ಕಾದಂಬರಿ ಅದು. 1993ರಲ್ಲಿ ಮಾರಿಸನ್ ಅವರಿಗೆ ನೊಬೆಲ್ ಬಂತು. ಅಮೆರಿಕದ ಶಾಲಾ ಗ್ರಂಥಾಲಯಗಳಿಂದ ತೆಗೆದುಹಾಕಿ ಎಂದು ಪೋಷಕರು ಮತ್ತೆ ಮತ್ತೆ ದೂರು ಕೊಡುವ ಪುಸ್ತಕಗಳ ಸಾಲಿನಲ್ಲಿ ಅವರ ಕಾದಂಬರಿಗಳೂ ಇವೆ ಎಂಬುದು ಅದೇ ದೇಶದ ಇನ್ನೊಂದು ಮುಖ.

ಅಮೆರಿಕದ ಈ ಕಥೆ ಭಾರತಕ್ಕೆ ಬಂದದ್ದು ಕಾಲೇಜಿನ ಪಠ್ಯದ ಮೂಲಕ ಅಲ್ಲವೇ ಅಲ್ಲ. ಅದಕ್ಕೆ ಬಹಳ ಮೊದಲೇ, 1873ರಲ್ಲಿ, ಜ್ಯೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಕಪ್ಪು ಜನರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಅಂಬೇಡ್ಕರ್, 1946ರಲ್ಲಿ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಗಳನ್ನು ಕೇಳಿದರು. ಭಾರತದ ಅಸ್ಪೃಶ್ಯರೂ ಅದೇ ದಾರಿ ಹಿಡಿಯಬಹುದೇ ಎಂಬ ಆಲೋಚನೆ ಅದರ ಹಿಂದಿತ್ತು. ಡುಬಾಯ್ಸ್ ಉತ್ತರ ಬರೆದರು. ಅದೇ ಅಂಬೇಡ್ಕರ್ 1920ರ ದಶಕದ ಕೊನೆಯಲ್ಲಿ ದಲಿತ ವಿದ್ಯಾರ್ಥಿಗಳ ವಸತಿ ನಿಲಯಕ್ಕೆ ಆರಿಸಿಕೊಂಡ ಊರುಗಳಲ್ಲಿ ಧಾರವಾಡವೂ ಒಂದು. ಡಗ್ಲಾಸ್ ರೊಟ್ಟಿ ಕೊಟ್ಟು ಅಕ್ಷರ ಕೊಂಡ ಹಾಗೆಯೇ, ಇಲ್ಲಿಯೂ ಮೊದಲು ಬೇಕಾದದ್ದು ಊಟ ಮತ್ತು ಓದು ಎರಡೂ ಸಿಗುವ ಒಂದು ಸೂರು.

ಕನ್ನಡದ ದಾರಿಯೂ ಅಮೆರಿಕದ್ದರ ಹಾಗೆಯೇ ಸಾಗಿದೆ. ಮೊದಲು ಬಂದವರು ಹೊರಗೆ ನಿಂತು ಮರುಗಿದವರು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದ್ದು. ಸ್ವಂತ ಬೇಸಾಯ ಮಾಡಬೇಕೆಂಬ ಒಂದೇ ಆಸೆ ಹೊತ್ತ ಚೋಮನಿಗೆ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ, ಭೂಮಿ ಮಾತ್ರ ಸಿಗುವುದಿಲ್ಲ. ಹುಟ್ಟಿದ ಜಾತಿಗೆ ಆ ಹಕ್ಕಿಲ್ಲ. ಉಳುವವನೇ ಒಡೆಯ ಎಂಬ ಭೂಸುಧಾರಣೆ ಕಾನೂನು ಕರ್ನಾಟಕದಲ್ಲಿ ಬಿಗಿಯಾಗಿ ಜಾರಿಗೆ ಬಂದದ್ದು 1974ರಲ್ಲಿ. ಕಾದಂಬರಿಯಿಂದ ಕಾನೂನಿಗೆ 41 ವರ್ಷ! ಇತ್ತ ಧಾರವಾಡದಲ್ಲಿ ಶ್ರೀರಂಗರು ‘ಹರಿಜನ್ವಾರ’ ನಾಟಕ ಬರೆದು ಮೇಲ್ಜಾತಿಯ ಮಡಿವಂತಿಕೆಯನ್ನು ರಂಗದ ಮೇಲೆ ಎಳೆತಂದರು. ಈ ಬರಹಗಳ ಋಣ ದೊಡ್ಡದು. ಆದರೂ ಚೋಮನ ಬಾಯಿಂದ ಚೋಮನ ಕಥೆ ಬರಲು ಕನ್ನಡ ಇನ್ನೂ ಕಾಯಬೇಕಿತ್ತು.

ಅದು ಬಂದದ್ದು 1970ರ ನಂತರ. ಮಹಾರಾಷ್ಟ್ರದಲ್ಲಿ 1972ರಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆಯಿತು. ಕರ್ನಾಟಕದಲ್ಲಿ, ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಮಾತಿಗೆ ಎದ್ದ 1973ರ ಬೂಸಾ ಗಲಾಟೆ, ದಲಿತ ಸಂಘರ್ಷ ಸಮಿತಿ, ಸಿದ್ಧಲಿಂಗಯ್ಯ, ದೇವನೂರ ಮಹಾದೇವ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ. ಇದರ ಮುಂಚೂಣಿಯಲ್ಲಿದ್ದ ಚಂದ್ರಶೇಖರ ಪಾಟೀಲರು, ಎಲ್ಲರ ಚಂಪಾ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. 1964ರಲ್ಲಿ ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಅವರೊಂದಿಗೆ ಧಾರವಾಡದಲ್ಲಿ ‘ಸಂಕ್ರಮಣ’ ಪತ್ರಿಕೆ ಹುಟ್ಟುಹಾಕಿದವರು, ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡವರು. ಪಾಠ ಹೇಳುವುದು ಇಂಗ್ಲಿಷು, ಜಗಳಾಡುವುದು ಕನ್ನಡದಲ್ಲಿ. ಧಾರವಾಡದ ಮಟ್ಟಿಗೆ ಇದು ಹಳೆಯ ರೂಢಿ.

ಈ ಧಾರೆಯ ಪುಸ್ತಕಗಳಲ್ಲಿ ಡಗ್ಲಾಸ್ ಪಕ್ಕದಲ್ಲಿ ಇಟ್ಟು ಓದಬೇಕಾದದ್ದು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994). ಮಾಲಗತ್ತಿ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದವರು. ಅವರ ಬರಹದಲ್ಲಿ ಗೋಳು ಕಡಿಮೆ, ಚುಚ್ಚು ಹೆಚ್ಚು. ಮೀಸಲಾತಿಯಲ್ಲಿ ಓದಿದ ದಲಿತರನ್ನು ಹಂಗಿಸುವ ಮಾತನ್ನೇ ಪುಸ್ತಕದ ನೆತ್ತಿಗೆ ಕಟ್ಟಿದ್ದಾರೆ. ಹೆಣದ ಮೇಲೆ ತೂರಿದ ಚಿಲ್ಲರೆ ಕಾಸು, ಮದುವೆಯ ಊಟ, ಶಾಲೆ, ಎಮ್ಮೆ–ಕೋಣಕ್ಕೂ ಜಾತಿ ಅಂಟಿಸುವ ಊರು. ಬಿಡಿ ಬಿಡಿ ಪ್ರಸಂಗಗಳು. ಯಾವುದರ ಕೊನೆಗೂ ಉಪದೇಶವಿಲ್ಲ. ಓದುವ ಮೇಲ್ಜಾತಿಯವನಿಗೆ ಅಳಲು ಅವಕಾಶ ಕೊಡದೆ ಕೂತಲ್ಲೇ ಮುಜುಗರಪಡಿಸುವುದು ಈ ಪುಸ್ತಕದ ಕಸುಬು. ಬಾಲ್ಡ್‌ವಿನ್ ಓದಿದ್ದರೆ ಮೆಚ್ಚುತ್ತಿದ್ದ. 2007ರಲ್ಲಿ ಇದು ಇಂಗ್ಲಿಷಿಗೆ ಹೋಯಿತು.

ಇಷ್ಟು, ಸಮಾಜ ಕಿತ್ತುಕೊಂಡ ಹಕ್ಕಿನ ಮಾತು. ಸರ್ಕಾರ ಕಿತ್ತುಕೊಳ್ಳುವ ಹಕ್ಕಿನದು ಬೇರೆಯೇ ಕಥೆ. ಅಲ್ಲಿ ಧಾರವಾಡಕ್ಕೆ ಅಮೆರಿಕದಿಂದ ಕಲಿಯಬೇಕಾದದ್ದು ಹೆಚ್ಚೇನೂ ಇರಲಿಲ್ಲ.

1846ರ ಜುಲೈನಲ್ಲಿ ಹೆನ್ರಿ ಡೇವಿಡ್ ಥೋರೋ ತೆರಿಗೆ ಕಟ್ಟಲು ನಿರಾಕರಿಸಿ ಜೈಲಿಗೆ ಹೋದ. ಗುಲಾಮಗಿರಿಯನ್ನು ಕಾಪಾಡುವ ಸರ್ಕಾರಕ್ಕೆ ತನ್ನ ದುಡ್ಡು ಕೊಡಲಾರೆ ಎಂಬುದು ಅವನ ನಿಲುವು. ಒಂದೇ ರಾತ್ರಿ ಒಳಗಿದ್ದ. ಯಾರೋ, ಬಹುಶಃ ಅವನ ಸೋದರತ್ತೆಯೇ, ತೆರಿಗೆ ಕಟ್ಟಿಬಿಟ್ಟರು. ಅವನಿಗೆ ಸಿಟ್ಟು ಬಂತಂತೆ. ಆ ಒಂದು ರಾತ್ರಿಯಿಂದ ಹುಟ್ಟಿದ ಪ್ರಬಂಧ (1849) ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯ ಕೈಗೆ ಬಂತು, ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಅದರಿಂದ ಪ್ರೇರಣೆ ಪಡೆದರು. ನಮ್ಮ ದ.ರಾ. ಬೇಂದ್ರೆಯವರಿಗೆ ಒಂದು ರಾತ್ರಿಯ ರಿಯಾಯಿತಿ ಸಿಗಲಿಲ್ಲ. ‘ನರಬಲಿ’ ಎಂಬ ಕವಿತೆಯಲ್ಲಿ ಬ್ರಿಟಿಷ್ ಸರ್ಕಾರಕ್ಕೆ ರಾಜದ್ರೋಹ ಕಂಡಿತು. 1932ರಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಮೂರು ತಿಂಗಳು, ಆಮೇಲೆ ಧಾರವಾಡದ ಹತ್ತಿರದ ಮುಗದ ಗ್ರಾಮದಲ್ಲಿ ನಿರ್ಬಂಧದ ವಾಸ. ಕೆಲಸವೂ ಹೋಯಿತು, ಮುಂದೆ ಹಲವು ವರ್ಷ ನೆಲೆನಿಂತ ನೌಕರಿ ಸಿಗಲಿಲ್ಲ. ಸಾಧನಕೇರಿಯ ವರಕವಿಯನ್ನು ನಾವು ಶ್ರಾವಣಕ್ಕೂ ಯುಗಾದಿಗೂ ನೆನೆಯುತ್ತೇವೆ. ಒಂದು ಕವಿತೆಗಾಗಿ ಜೈಲು ಕಂಡ ಮೇಷ್ಟ್ರನ್ನು ನೆನೆಯುವುದು ಅಪರೂಪ.

ಸ್ವತಂತ್ರ ದೇಶದಲ್ಲೂ ಇದು ನಿಲ್ಲಲಿಲ್ಲ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ, 1965ರಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಕಟಿಸಿತು. ಅದು 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶನದಲ್ಲಿ ಸಿನಿಮಾ ಆಯಿತು. ಸೆನ್ಸಾರ್ ಮಂಡಳಿ ಮೊದಲು ತಡೆದ ಆ ಚಿತ್ರಕ್ಕೇ ಆಮೇಲೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು. ಅದರಲ್ಲಿ ಚಂದ್ರಿಯ ಪಾತ್ರ ಮಾಡಿದವರು ಸ್ನೇಹಲತಾ ರೆಡ್ಡಿ. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಅವರನ್ನು ಬಂಧಿಸಿ ಬೆಂಗಳೂರಿನ ಜೈಲಿಗೆ ಹಾಕಲಾಯಿತು. ಅಸ್ತಮಾ ರೋಗಿ. ವಿಚಾರಣೆಯಿಲ್ಲದೆ ಎಂಟು ತಿಂಗಳು. ತೀರ ಹದಗೆಟ್ಟಾಗ ಪರೋಲ್ ಕೊಟ್ಟು ಬಿಟ್ಟರು. ಹೊರಬಂದು ವಾರ ಕಳೆಯುವ ಮೊದಲೇ, 1977ರ ಜನವರಿ 20ರಂದು, ತೀರಿಕೊಂಡರು. ಅವರು ಜೈಲಿನಲ್ಲಿ ಬರೆದಿಟ್ಟ ದಿನಚರಿಯನ್ನು ಅದೇ ವರ್ಷ ಕರ್ನಾಟಕದ ಮಾನವ ಹಕ್ಕುಗಳ ಸಮಿತಿ ಪ್ರಕಟಿಸಿತು. ಉಳಿದ ಕೈದಿ ಹೆಂಗಸರನ್ನು ಹೊಡೆಯಬೇಡಿ, ಅವರಿಗೆ ತಿನ್ನುವಂಥ ಊಟ ಕೊಡಿ ಎಂದು ಒಳಗಿದ್ದೇ ಹೋರಾಡಿದ ಹೆಣ್ಣುಮಗಳು ಅವರು. ತಾನು ಬದುಕಿದ್ದನ್ನು ತಾನೇ ಬರೆದಿಟ್ಟ ಪುಸ್ತಕಗಳ ಸಾಲಿಗೆ ಈ ತೆಳ್ಳನೆಯ ದಿನಚರಿಯೂ ಸೇರಬೇಕು.

ಕೆಲವೊಮ್ಮೆ ಇವತ್ತಿನ ಮಾತನ್ನು ನೇರವಾಗಿ ಆಡಲಾಗದು. ಆರ್ಥರ್ ಮಿಲ್ಲರ್ ‘ದಿ ಕ್ರೂಸಿಬಲ್’ (1953) ನಾಟಕದಲ್ಲಿ 1692ರ ಸೇಲಂ ಊರಿನ ಮಾಟಗಾತಿಯರ ವಿಚಾರಣೆಯನ್ನು ರಂಗಕ್ಕೆ ತಂದ. ಪ್ರೇಕ್ಷಕರಿಗೆ ಕಂಡದ್ದು ಕಮ್ಯುನಿಸ್ಟರ ಬೇಟೆಯಲ್ಲಿ ತೊಡಗಿದ್ದ ತಮ್ಮದೇ ಅಮೆರಿಕ. ಮೂರು ವರ್ಷಕ್ಕೆ ಮಿಲ್ಲರನನ್ನೇ ಸಂಸತ್ತಿನ ಸಮಿತಿ ಕರೆಸಿ, ಗೆಳೆಯರ ಹೆಸರು ಹೇಳು ಎಂದಿತು. ಹೇಳಲಿಲ್ಲ. 1957ರಲ್ಲಿ ತಪ್ಪಿತಸ್ಥನೆಂದು ತೀರ್ಪಾಯಿತು, ಮರುವರ್ಷ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಗಿರೀಶ ಕಾರ್ನಾಡರ ‘ತಲೆದಂಡ’ (1990) ಇದೇ ಜಾಡಿನದು. ಮಂಡಲ್ ಮೀಸಲಾತಿ, ಅಯೋಧ್ಯೆ ಮಂದಿರದ ಬಿಸಿಯಲ್ಲಿ ಬೇಯುತ್ತಿದ್ದ ದೇಶಕ್ಕೆ ಅವರು ತೋರಿಸಿದ್ದು 12ನೇ ಶತಮಾನದ ಕಲ್ಯಾಣವನ್ನು: ಬ್ರಾಹ್ಮಣ ಮೂಲದ ಹುಡುಗಿಗೂ ಸಮಗಾರರ ಹುಡುಗನಿಗೂ ಮದುವೆ, ಅದಕ್ಕಾಗಿ ಹರಿದ ರಕ್ತ. ಅದೇ ವಸ್ತುವಿನ ಮೇಲೆ ‘ಕೆಟ್ಟಿತ್ತು ಕಲ್ಯಾಣ’ ಎಂಬ ನಾಟಕ ಬರೆದ ಇನ್ನೊಬ್ಬರು ಧಾರವಾಡದಲ್ಲಿದ್ದರು. ಅವರು ಎಂ.ಎಂ. ಕಲಬುರ್ಗಿ.

2015ರ ಆಗಸ್ಟ್ 30, ಭಾನುವಾರ ಬೆಳಿಗ್ಗೆ, ಧಾರವಾಡದ ಕಲ್ಯಾಣ ನಗರದ ಮನೆಯ ಬಾಗಿಲಿಗೇ ಬಂದು ಅವರನ್ನು ಗುಂಡಿಕ್ಕಿ ಕೊಂದರು. ವಚನ ಸಂಪಾದನೆ, ಶಾಸನ ಅಧ್ಯಯನದಲ್ಲಿ ಬದುಕು ಸವೆಸಿದ 76ರ ವಿದ್ವಾಂಸ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಮಾಜಿ ಕುಲಪತಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. 1989ರಷ್ಟು ಹಿಂದೆಯೇ ‘ಮಾರ್ಗ’ ಸಂಪುಟದ ಸಂಶೋಧನಾ ಬರಹಗಳಿಗಾಗಿ ಒತ್ತಡಕ್ಕೆ ಸಿಕ್ಕು ತಮ್ಮ ಮಾತು ಹಿಂತೆಗೆದುಕೊಂಡಿದ್ದರು. ಆ ನೋವು ಅವರನ್ನು ಬಿಟ್ಟಿರಲಿಲ್ಲ. ಸಂಶೋಧಕನ ವಾದವನ್ನು ಒಪ್ಪಬಹುದು, ಬಿಡಬಹುದು. ಉತ್ತರ ಪುಸ್ತಕದಲ್ಲಿ ಇರಬೇಕಿತ್ತು.

ಆಮೇಲೆ ನಡೆದದ್ದು ಭಾರತದ ಸಾಹಿತ್ಯ ಲೋಕ ಹಿಂದೆ ಕಂಡಿರದ ಸಂಗತಿ. ಹಿಂದಿಯ ಉದಯ ಪ್ರಕಾಶ ಮೊದಲಾಗಿ ಮೂವತ್ತಕ್ಕೂ ಹೆಚ್ಚು ಲೇಖಕರು ಅಕಾಡೆಮಿ ಪ್ರಶಸ್ತಿ ಹಿಂದಿರುಗಿಸಿದರು. ಕನ್ನಡದಿಂದ ಕುಂ. ವೀರಭದ್ರಪ್ಪ, ರಹಮತ್ ತರೀಕೆರೆ ಆ ಸಾಲಿನಲ್ಲಿದ್ದರು. ಚಂಪಾ ಪಂಪ ಪ್ರಶಸ್ತಿ ಮರಳಿಸಿದರು. ಧಾರವಾಡದಲ್ಲಿ ಹುಟ್ಟಿದ, ಶ್ರೀರಂಗರ ಮಗಳು ಶಶಿ ದೇಶಪಾಂಡೆ ಅಕಾಡೆಮಿಯ ಸಾಮಾನ್ಯ ಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ‘ಗೌರ್ಮೆಂಟ್ ಬ್ರಾಹ್ಮಣ’ದ ಮಾಲಗತ್ತಿಯವರೂ ಅಲ್ಲಿಂದ ಹೊರಬಂದರು. ಕೊನೆಗೆ 2015ರ ಅಕ್ಟೋಬರ್ 23ರಂದು ಅಕಾಡೆಮಿ ಸಭೆ ಸೇರಿ ಖಂಡನಾ ನಿರ್ಣಯ ಮಾಡಿತು. ಅಮೆರಿಕದಲ್ಲಿ ಕವಯಿತ್ರಿ ಏಡ್ರಿಯನ್ ರಿಚ್ 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಸರ್ಕಾರದ ಪದಕವನ್ನು ಒಲ್ಲೆ ಎಂದದ್ದು ದೊಡ್ಡ ಸುದ್ದಿಯಾಗಿತ್ತು. ಅದು ಒಬ್ಬರ ಪ್ರತಿಭಟನೆ. ಇಲ್ಲಿ ಹತ್ತಾರು ಭಾಷೆಗಳ ಲೇಖಕರು ಧಾರವಾಡದ ಒಂದು ಮನೆಯ ಬಾಗಿಲಿನತ್ತ ಮುಖ ಮಾಡಿದ್ದರು.

ಪುಸ್ತಕದಿಂದ ಏನಾದರೂ ಬದಲಾಗುತ್ತದೆಯೇ ಎಂಬ ಪ್ರಶ್ನೆ ಸಹಜ. ಅಪ್ಟನ್ ಸಿಂಕ್ಲೇರ್ ಚಿಕಾಗೋದ ಮಾಂಸದ ಕಾರ್ಖಾನೆಗಳ ಕೂಲಿಗಳ ಹಕ್ಕಿಗಾಗಿ 1906ರಲ್ಲಿ ‘ದಿ ಜಂಗಲ್’ ಬರೆದ. ಓದುಗರು ಕೂಲಿಯವನಿಗಿಂತ ತಮ್ಮ ತಟ್ಟೆಯ ಬಗ್ಗೆ ಹೆಚ್ಚು ಗಾಬರಿಯಾದರು. ಅದೇ ವರ್ಷ ಶುದ್ಧ ಆಹಾರದ ಕಾನೂನು ಬಂತು, ಕೂಲಿಯವನು ಇದ್ದಲ್ಲೇ ಇದ್ದ. ಪುಸ್ತಕ ಎಲ್ಲಿ ತಾಗುತ್ತದೆ ಎಂಬುದು ಬರೆದವನ ಕೈಯಲ್ಲಿಲ್ಲ.

ಕಲಬುರ್ಗಿಯವರ ಪತ್ನಿ ಸುಪ್ರೀಂ ಕೋರ್ಟಿನ ಮೊರೆ ಹೋದ ಮೇಲೆ, 2019ರಲ್ಲಿ ಈ ಪ್ರಕರಣ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯನ್ನು ತನಿಖೆ ಮಾಡುತ್ತಿದ್ದ ತಂಡದ ಕೈಗೆ ಬಂತು. ಅದೇ ವರ್ಷ ಆಗಸ್ಟಿನಲ್ಲಿ ಆರು ಜನರ ಮೇಲೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗಿ ಪ್ರಕರಣ ಧಾರವಾಡದ ನ್ಯಾಯಾಲಯಕ್ಕೆ ಬಂತು. ನ್ಯಾಯದ ಕೆಲಸ ನ್ಯಾಯಾಲಯ ಮಾಡಲಿ. ಊರಿನ ಕಾಲೇಜುಗಳು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಇಂಗ್ಲಿಷ್ ವಿಭಾಗದ ಹುಡುಗರು ಡಗ್ಲಾಸ್, ಮಾರಿಸನ್ ಓದುತ್ತಾರೆ. ಕನ್ನಡ ವಿಭಾಗದವರು ಮಾಲಗತ್ತಿ, ಸಿದ್ಧಲಿಂಗಯ್ಯ ಓದುತ್ತಾರೆ. ಎರಡು ವಿಭಾಗಗಳ ನಡುವೆ ಇರುವುದು ಒಂದು ಕಾರಿಡಾರು. ಬರುವ ವರ್ಷದ ಪಠ್ಯಕ್ರಮ ರೂಪಿಸುವವರು ಈ ಪುಸ್ತಕಗಳನ್ನು ಒಂದೇ ಪತ್ರಿಕೆಯಲ್ಲಿ ಇಟ್ಟು, ಜೊತೆಗೆ ಸ್ನೇಹಲತಾ ರೆಡ್ಡಿಯವರ ದಿನಚರಿಯನ್ನೂ ಸೇರಿಸಲಿ.